ನೆಲ್ಲು ಡಾಟ್ ಕಾಮ್ ವ್ಯಾಪಾರ

ಸಿರುಗುಪ್ಪ
೬ ಜುಲೈ ೨೦೨೪

ಸುಪ್ರಜಾ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿ ಇದನ್ನು ಒಲೆಗೆ ಹಾಕಬೇಕು ಅನ್ನಿಸಿದರೆ ಹಾಕು, ಆದರೆ ಓದಿ ಹಾಕು. ನಿನಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಮ್ಮ ಮನೆಯವರ ನಂಬರಿನಿಂದ ಮಾಡಿದೆ, ನನ್ನ ದನಿ ಕೇಳಿದ ಕೂಡಲೇ ನೀನು ಇಟ್ಟುಬಿಟ್ಟೆ. ಬ್ರೂಸ್‌ಪೇಟೆಯ ಮನೆ ಬಿಟ್ಟಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಕಾಗದ ಹಿಡಿದೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಕಾಲೇಜಿನ ಕೊನೆಯ ವರ್ಷ ಪ್ರಾಜೆಕ್ಟಿಗೆ ಅಂತ ನಾವಿಬ್ಬರೂ ಒಂದು ವೆಬ್‌ಸೈಟಿನ ಹೆಸರು ಹಿಡಿದಿದ್ದೆವಲ್ಲ, ನೆಲ್ಲು ಡಾಟ್ ಕಾಮ್. ನಾನು ಭತ್ತಕ್ಕೆ ನೆಲ್ಲು ಅಂದಾಗಲೆಲ್ಲ ನೀನು ನಗುತ್ತಿದ್ದೆ, ಕೊನೆಗೆ ಅದನ್ನೇ ಹೆಸರು ಮಾಡಿದೆ. ಮೊನ್ನೆ ತೆರೆದು ನೋಡಿದೆ. ನೀನು ಅವತ್ತು ಹಾಕಿದ್ದ ತೆನೆಯ ಚಿತ್ರ ಹಾಗೇ ಇದೆ, ಕೆಳಗೆ ನಿನ್ನ ಇಮೇಲ್. ಅಂದರೆ ಇಷ್ಟು ವರ್ಷ ದುಡ್ಡು ಕಟ್ಟಿ ಉಳಿಸಿಕೊಂಡಿದ್ದೀ.

ನಮ್ಮದು ಇಲ್ಲಿ ಸಣ್ಣ ಅಕ್ಕಿ ಗಿರಣಿ. ಗಿರಣಿ ನಮ್ಮ ಮನೆಯವರು ಪ್ರಭುಲಿಂಗ ನೋಡಿಕೊಳ್ಳುತ್ತಾರೆ, ಮಾರಾಟ ನಾನು. ಚೀಲದ ಮೇಲೆ ‘ನೆಲ್ಲು’ ಅಂತಲೇ ಹಾಕಿ ಮಾರುತ್ತೇವೆ. ಬೆಂಗಳೂರು, ಹೈದರಾಬಾದಿನ ಮನೆಮನೆಗೆ ಹೋಗುತ್ತದೆ. ಈಗ ಎಲ್ಲರೂ ನಿಮ್ಮ ವೆಬ್‌ಸೈಟ್ ಯಾವುದು ಅನ್ನುತ್ತಾರೆ. ಆ ಹೆಸರನ್ನು ಬೇರೆ ಯಾರಾದರೂ ಕೊಂಡು ಅಂಗಡಿ ತೆರೆದರೆ, ನಮ್ಮ ಚೀಲ ಓದಿದವರು ಅವರ ಬಾಗಿಲಿಗೆ ಹೋಗುತ್ತಾರೆ. ಆಮೇಲೆ ನಾನು ಹೆಸರು ಬದಲಿಸಿ ಮೊದಲಿಂದ ಶುರು ಮಾಡಬೇಕು. ಅಷ್ಟು ತ್ರಾಣ ನಮ್ಮ ಗಿರಣಿಗಿಲ್ಲ.

ಐವತ್ತು ಸಾವಿರ ಕೊಡುತ್ತೇನೆ. ಕೊಡು.

ಇಂತಿ,
ರೇಣುಕಾ

*

ಬಳ್ಳಾರಿ
೧೯ ಜುಲೈ ೨೦೨೪

ಶ್ರೀಮತಿ ರೇಣುಕಾ ಪ್ರಭುಲಿಂಗ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಒಲೆಗೆ ಹಾಕಿಲ್ಲ, ಫೈಲಿನಲ್ಲಿ ಇಟ್ಟಿದ್ದೇನೆ.

ಒಂದು ವಿಷಯ ನನಗೆ ಅರ್ಥವಾಗಬೇಕು. ಇಷ್ಟು ವರ್ಷ ಆ ಹೆಸರನ್ನು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಜೂನ್ ಕೊನೆಗೆ ಚೆನ್ನೈನ ಒಬ್ಬ ಮಧ್ಯವರ್ತಿಯಿಂದ ಇಮೇಲ್ ಬಂತು. ಕೊಳ್ಳುವವರ ಹೆಸರು ಗೋಪ್ಯವಂತೆ, ಎರಡು ಲಕ್ಷ ಕೊಡುತ್ತಾರಂತೆ. ಅದರ ಬೆನ್ನಿಗೇ ನಿಮ್ಮ ಪತ್ರ. ಒಬ್ಬರು ಹೆಸರು ಮುಚ್ಚಿಕೊಂಡು ಕೇಳುವುದು, ಇನ್ನೊಬ್ಬರು ಹಳೆಯ ಗೆಳೆತನ ಹಿಡಿದು ಕೇಳುವುದು. ಇಬ್ಬರೂ ಒಬ್ಬರೇ ಏಕಾಗಿರಬಾರದು ಅಂತ ನನಗೆ ಅನ್ನಿಸಿದರೆ ತಪ್ಪೇ?

ಅಮ್ಮನಿಗೆ ನಿಮ್ಮ ಪತ್ರ ಓದಿ ಹೇಳಿದೆ. ಅಂಬುಜಮ್ಮನವರ ಮಾತು ನಿಮಗೆ ಗೊತ್ತಲ್ಲ. “ಹನ್ನೆರಡು ವರ್ಷ ಇಲ್ಲದ ನೆನಪು ಈಗ್ಯಾಕ ಬಂತು ಅಂತ ಕೇಳು ಆಕೀನ್ನ” ಅಂದರು. ಕೇಳಿದ್ದೇನೆ.

ಇಂಥ ಹೆಸರುಗಳ ಬೆಲೆ ನಿಮಗೆ ತಿಳಿದಿಲ್ಲ ಅಂತ ನಾನು ನಂಬುವುದಿಲ್ಲ. ಸಣ್ಣ ಹೆಸರು, ಓದಲು ಸುಲಭ, ತಮಿಳಿನಲ್ಲೂ ಮಲಯಾಳದಲ್ಲೂ ಅದೇ ಅರ್ಥ. ಊರ ನಡುವಿನ ಕಾರ್ನರ್ ಸೈಟಿದ್ದ ಹಾಗೆ. ಎಂಟು ಲಕ್ಷಕ್ಕೆ ಕಡಿಮೆ ನಾನು ಮಾತಾಡುವುದಿಲ್ಲ.

ಇನ್ನು ಮುಂದೆಯೂ ಪತ್ರವೇ ಇರಲಿ. ಫೋನಿನ ಮಾತು ರೆಕಾರ್ಡ್ ಆಗುತ್ತದೆ, ವಾಟ್ಸಾಪಿನದು ಫೋಟೋ ಆಗಿ ಇನ್ನೊಬ್ಬರ ಕೈಗೆ ಹೋಗುತ್ತದೆ. ನೀವು ವ್ಯಾಪಾರಸ್ಥರು.

ಇಂತಿ ತಮ್ಮ,
ಸುಪ್ರಜಾ

*

ಸಿರುಗುಪ್ಪ
೩೦ ಜುಲೈ ೨೦೨೪

ಸುಪ್ರಜಾ,

ನನ್ನನ್ನು ‘ನೀವು’ ಅಂದಿದ್ದೀಯಲ್ಲ, ನಾನು ಯಾವ ಬ್ಯಾಂಕಿನ ಮ್ಯಾನೇಜರು? ಪತ್ರ ಓದುವಾಗ ತಲೆ ಮೇಲೆ ಸೆರಗು ಎಳೆದುಕೊಳ್ಳಬೇಕು ಅನ್ನಿಸಿತು.

ನಿನಗೆ ನನ್ನ ಮೇಲೆ ಗುಮಾನಿ ಇದ್ದರೆ ನನಗೂ ಇದೆ. ನಾನು ಎರ್ರಣ್ಣನ ಮಗಳು. ಅಪ್ಪ ಹುಟ್ಟಾ ದನದ ದಲ್ಲಾಳಿ, ಸಂತೆಯ ಆಟವೆಲ್ಲ ನೋಡಿಯೇ ಬೆಳೆದಿದ್ದೇನೆ. ಅಲ್ಲಿ ಎತ್ತು ಮಾರುವವನ ಭಾವಮೈದುನನೇ ಗಿರಾಕಿಯಂತೆ ಬಂದು ನಿಲ್ಲುತ್ತಾನೆ. ಹಲ್ಲು ನೋಡುತ್ತಾನೆ, ಬಾಲ ಎತ್ತುತ್ತಾನೆ, ದೊಡ್ಡ ರೇಟು ಕೂಗುತ್ತಾನೆ. ಪಕ್ಕದಲ್ಲಿದ್ದ ಪಾಪದವನು ಅದಕ್ಕಿಂತ ಹೆಚ್ಚು ಕೊಟ್ಟು ಹೊಡಕೊಂಡು ಹೋಗುತ್ತಾನೆ. ನಿನ್ನ ಚೆನ್ನೈನ ಗೋಪ್ಯದ ಮನುಷ್ಯ ನನಗೆ ಹಾಗೇ ಕಾಣುತ್ತಾನೆ. ನನ್ನ ಕಾಗದ ಕಂಡ ಮೇಲೆ ಅವನು ಹುಟ್ಟಿದನೋ, ಮೊದಲೇ ಹುಟ್ಟಿದ್ದನೋ?

ವಕೀಲರ ಹತ್ತಿರವೂ ಹೋಗಿ ಬಂದೆ. ಚೀಲದ ಹೆಸರನ್ನು ನಮ್ಮದೇ ಅಂತ ನೋಂದಣಿ ಮಾಡಿಸಿ ಅಂದರೆ ಅವರು ನಕ್ಕರು. “ಅದು ಬೆಳಿ ಹೆಸರವ್ವಾ, ಯಾರಪ್ಪನ ಆಸ್ತೀನೂ ಅಲ್ಲ” ಅಂದರು. ಹಾಗಾಗಿ ನನಗೆ ಉಳಿದಿರುವ ದಾರಿ ನಿನ್ನ ಕೈಲಿರುವುದೊಂದೇ. ಇದನ್ನು ಹೇಳಬಾರದಿತ್ತು, ಕೊಳ್ಳುವವರು ತಮ್ಮ ಗರಜು ಹೇಳಬಾರದು. ಹೇಳಿಬಿಟ್ಟೆ.

ಒಂದೂವರೆ ಲಕ್ಷ. ಚೆನ್ನೈನವನ ಇಮೇಲ್ ನಿಜವಾದರೆ ಅದರ ಪ್ರಿಂಟ್ ಕಳಿಸು.

ನಿನ್ನ,
ರೇಣುಕಾ

*

ಬಳ್ಳಾರಿ
೧೪ ಆಗಸ್ಟ್ ೨೦೨೪

ರೇಣುಕಾ,

ಪ್ರಿಂಟ್ ಇಟ್ಟಿದ್ದೇನೆ. ಎರಡು ಇವೆ. ಮೊದಲನೆಯದರ ತಾರೀಖು ನೋಡು, ನಿನ್ನ ಕಾಗದಕ್ಕಿಂತ ಹಿಂದಿನದು. ಎರಡನೆಯದರಲ್ಲಿ ಅವರು ನಾಲ್ಕಕ್ಕೆ ಬಂದಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.

ಇದನ್ನೂ ನೀನು ನಂಬುವುದಿಲ್ಲ ಅಂತ ಗೊತ್ತು. ಹಾಗಿದ್ದರೆ ನನಗೆ ನಿನ್ನ ಮೇಲೆ ಏಕೆ ನಂಬಿಕೆ ಇಲ್ಲ ಅನ್ನುವುದನ್ನೂ ಬರೆದುಬಿಡುತ್ತೇನೆ. ನಿನ್ನ ಮದುವೆಗೆ ನಾನು ಅಮ್ಮನಿಗೆ ಸುಳ್ಳು ಹೇಳಿ ಮೂರು ದಿನ ಮೊದಲೇ ಸಿರುಗುಪ್ಪಕ್ಕೆ ಬಂದೆ. ಹುಡುಗಿಯರೆಲ್ಲ ಇದ್ದ ಕೋಣೆಯಲ್ಲಿ ನಿನ್ನ ಅತ್ತೆಯ ಕಡಗ ಕಾಣದಾಯಿತು. ಅಷ್ಟು ಜನರಲ್ಲಿ ಅವರು ಕೈಯಿಟ್ಟಿದ್ದು ನನ್ನ ಬ್ಯಾಗಿಗೆ. ನನ್ನ ಬಟ್ಟೆಬರೆ ಎಲ್ಲರೆದುರು ಚಾಪೆಯ ಮೇಲೆ ಸುರಿದರು. ನೀನು ಅರಿಶಿನ ಹಚ್ಚಿಕೊಂಡು ಅಲ್ಲೇ ಕೂತಿದ್ದೆ. ‘ಆಕೆ ಅಂಥವಳಲ್ಲ’ ಅನ್ನುವ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ನಾನು ಅಕ್ಷತೆ ಹಾಕದೆ ಬಸ್ ಹತ್ತಿದೆ. ಆಮೇಲೆ ನೀನು ಹುಡುಕಿಕೊಂಡು ಬರಲಿಲ್ಲ.

ಈಗ ಬಂದಿದ್ದೀ, ನಿನಗೆ ಬೇಕಾದ್ದು ನನ್ನ ಹತ್ತಿರ ಇದೆ ಅಂತ. ಬೆಲೆ ಎಂಟೇ.

ಸುಪ್ರಜಾ

*

ಸಿರುಗುಪ್ಪ
೨ ಸೆಪ್ಟೆಂಬರ್ ೨೦೨೪

ಸುಪ್ರಜಾ,

ಕಡಗ ಮಾರನೆಯ ದಿನ ಹಾಸಿಗೆಯ ಸುರುಳಿಯಲ್ಲಿ ಸಿಕ್ಕಿತು. ನಿನಗೆ ಬರೆಯಬೇಕು ಅಂದುಕೊಂಡೆ. ಯಾವ ಮುಖ ಇಟ್ಟುಕೊಂಡು ಬರೆಯಲಿ ಅಂತ ತಿಂಗಳು ದೂಡಿದೆ, ಆಮೇಲೆ ವರ್ಷ. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಪ್ರಿಂಟ್ ನೋಡಿದೆವು. ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, “ಆಕಿ ಕಂಪ್ಯೂಟರ್ ಟೀಚರು, ಇಂಥಾವು ದಿನಕ್ಕ ಹತ್ತು ತಯಾರ ಮಾಡ್ತಾಳ” ಅಂದರು. ನಾನು ಅವರ ಜೊತೆ ಜಗಳ ಆಡಿದೆ. ಜಗಳ ಆಡಿದ ಮೇಲೆ ನನಗೂ ಹಾಗೇ ಅನ್ನಿಸತೊಡಗಿತು. ಕಾಗದದಲ್ಲಿ ಹೀಗೇ ಎಳೆದಾಡಿದರೆ ನಾವು ಮುದುಕಿಯರಾಗುತ್ತೇವೆ.

ಅಪ್ಪನಿಗೆ ಎಲ್ಲ ಹೇಳಿದೆ. ಇಲ್ಲದ ವಸ್ತುವಿಗೆ ಇಷ್ಟು ರೇಟು ಅಂದರೆ ಅವರಿಗೆ ನಂಬಿಕೆ ಬರಲು ಹೊತ್ತು ಹಿಡಿಯಿತು. ಆಮೇಲೆ ದನದ ವ್ಯಾಪಾರದ ಹಾಗೆ ಟವೆಲ್ ಕೆಳಗೆ ಮುಗಿಸಿಕೊಳ್ಳಿ ಅಂದರು. ನೀನು ಕುರುಗೋಡಿನ ನಮ್ಮ ಮನೆಗೆ ಬಂದಾಗ ಒಂದು ಸಲ ಸಂತೆಯಲ್ಲಿ ನೋಡಿದ್ದೀ. ದಲ್ಲಾಳಿ ಮೊದಲು ಮಾರುವವರ ಕೈಯನ್ನು ಟವೆಲ್ ಕೆಳಗೆ ಹಿಡಿಯುತ್ತಾನೆ. ಅವರು ಎಷ್ಟು ಬೆರಳು ಅದುಮುತ್ತಾರೋ ಅಷ್ಟು ಬೆಲೆ. ಐದು ದಾಟಿದರೆ ಮೊದಲು ಇಡೀ ಕೈ, ಆಮೇಲೆ ಉಳಿದ ಬೆರಳು. ಆಮೇಲೆ ಕೊಳ್ಳುವವರ ಕೈ. ಬಾಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಎರಡು ಬೆಲೆ ಹತ್ತಿರ ಇದ್ದರೆ ಅವನು ಮತ್ತೆ ಮತ್ತೆ ಕೈ ಹಿಡಿದು ಎಳೆದು ತಂದು ಕೂಡಿಸುತ್ತಾನೆ. ಕುದುರದಿದ್ದರೆ ಟವೆಲ್ ಕೊಡವಿ ಏಳುತ್ತಾನೆ. ಯಾರು ಎಷ್ಟು ಬೆರಳು ಹಿಡಿದರು ಅನ್ನುವುದನ್ನು ಆಮೇಲೆ ಯಾರೂ ಬಾಯಿ ಬಿಡಬಾರದು, ದಲ್ಲಾಳಿಯಂತೂ ಸತ್ತರೂ ಬಿಡಬಾರದು.

ದಲ್ಲಾಳಿ ನನ್ನ ಅಪ್ಪನೇ ಅಂತ ನಿನಗೆ ಅನುಮಾನ ಬಂದರೆ ಬಾದನಹಟ್ಟಿಯಲ್ಲಿ ಬೇರೆಯವರಿದ್ದಾರೆ, ಅವರನ್ನು ಕರೆಸೋಣ.

ರೇಣುಕಾ

*

ಬಳ್ಳಾರಿ
೧೨ ಸೆಪ್ಟೆಂಬರ್ ೨೦೨೪

ರೇಣುಕಾ,

ಬೇರೆಯವರು ಬೇಡ. ನಿನ್ನ ಮೇಲೆ ನನಗೆ ಅನುಮಾನ, ಎರ್ರಣ್ಣ ಮಾಮನ ಮೇಲಲ್ಲ. ಅಮ್ಮನಿಗೆ ಗೊತ್ತಿಲ್ಲದೆ ನಾನು ಅವರ ಮನೆಯಲ್ಲಿ ರೊಟ್ಟಿ ತಿಂದವಳು. ಅವರು ತಮ್ಮ ಕೈಯಾರೆ ಬೆಣ್ಣೆ ಹಾಕುತ್ತಿದ್ದರು.

ಇಪ್ಪತ್ತೆರಡರ ಭಾನುವಾರ ಬೆಳಿಗ್ಗೆ ಕುರುಗೋಡಿನ ಬಸವೇಶ್ವರ ಗುಡಿಯ ಕಟ್ಟೆಗೆ ಬರುತ್ತೇನೆ. ಅಮ್ಮನೂ ಬರುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಒಂದು ಬೆರಳಿಗೆ ಒಂದು ಲಕ್ಷ, ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡೋಣ. ಚೆನ್ನೈನವರು ಈಗ ಏಳಕ್ಕೆ ಬಂದಿದ್ದಾರೆ. ಆ ಇಮೇಲನ್ನೂ ತರುತ್ತೇನೆ, ನಿಮ್ಮ ಅಪ್ಪನೆದುರು ಓದುತ್ತೇನೆ. ತಿಂಗಳ ಕೊನೆಯೊಳಗೆ ಉತ್ತರ ಬೇಕಂತೆ.

ಸುಪ್ರಜಾ

*

ಬಳ್ಳಾರಿ
೮ ಅಕ್ಟೋಬರ್ ೨೦೨೪

ರೇಣುಕಾ,

ಬರೆಯಬಾರದು ಅಂದುಕೊಂಡಿದ್ದೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ನಿದ್ದೆ ಬರುವುದಿಲ್ಲ.

ನಾನು ಅವತ್ತು ಜಗಳಕ್ಕೆ ಬಂದಿರಲಿಲ್ಲ. ನಿನ್ನನ್ನು ಇಷ್ಟು ವರ್ಷಗಳ ಮೇಲೆ ನೋಡಿದೆ. ನೀನು ದಪ್ಪಗಾಗಿದ್ದೀ, ಕಣ್ಣ ಕೆಳಗೆ ಕಪ್ಪಾಗಿದೆ. ನಮ್ಮಮ್ಮನಿಗೆ ಬಿಸಿಲು ತಾಗದಿರಲಿ ಅಂತ ನೀನು ನೆರಳಿನ ಜಾಗ ಬಿಟ್ಟುಕೊಟ್ಟಿದ್ದು ನೋಡಿದೆ. ನಿನ್ನ ಅಪ್ಪ ಇಮೇಲನ್ನು ಎರಡು ಸಲ ಓದಿಸಿಕೊಂಡು, ಟವೆಲ್ ಕೊಡವಿ ನನ್ನ ಕೈ ಹಿಡಿದರು. ನಾನು ಹಿಡಿಯಬೇಕಾದ್ದನ್ನು ಹಿಡಿದೆ. ಅವರು ನನ್ನ ಮುಖ ನೋಡಿದರು, ಮತ್ತೊಮ್ಮೆ ಹಿಡಿಯಲು ಹೇಳಿದರು. ಮತ್ತೆ ಅಷ್ಟೇ ಹಿಡಿದೆ. ಆಮೇಲೆ ನಿನ್ನ ಹತ್ತಿರ ಬಂದರು. ನಿನ್ನ ಕೈ ಹಿಡಿದು ಒಂದು ಗಳಿಗೆಯಾಗಿರಲಿಲ್ಲ, ಟವೆಲ್ ಎಳೆದುಕೊಂಡು ಹೆಗಲಿಗೆ ಹಾಕಿದರು. “ಏಳ್ರವ್ವಾ, ಈ ಯಾಪಾರ ಕುದುರಂಗಿಲ್ಲ” ಅಂದರು. ಒಂದು ಸಲವೂ ತಿರುಗಿ ನನ್ನ ಕೈ ಹಿಡಿಯಲಿಲ್ಲ.

ಎಳೆದು ತಂದು ಕೂಡಿಸಲೂ ಆಗದಷ್ಟು ದೂರವಿತ್ತು ಅಂದರೆ ನೀನು ಎಷ್ಟು ಹಿಡಿದಿರಬೇಕು? ಒಂದೇ? ಅರ್ಧ ಬೆರಳೇ? ಬಳ್ಳಾರಿಯ ಬಸ್ಸಿನಲ್ಲಿ ಅಮ್ಮ ಉದ್ದಕ್ಕೂ ಇದನ್ನೇ ಕೇಳಿದಳು. ನನ್ನನ್ನು ಅಷ್ಟು ದೂರ ಕರೆಸಿ, ಗುಡಿಯ ಮುಂದೆ ಕೂರಿಸಿ ಹಗುರ ಮಾಡಿದೆ.

ಚೆನ್ನೈನವರಿಗೆ ಆಗಲಿ ಅಂತ ಬರೆದೆ. ಮೊನ್ನೆ ಹೆಸರು ಅವರಿಗೆ ವರ್ಗವಾಯಿತು. ಇನ್ನು ನಮ್ಮ ನಡುವೆ ಕಾಗದದ ಕೆಲಸವಿಲ್ಲ.

ಸುಪ್ರಜಾ

*

ಸಿರುಗುಪ್ಪ
೧೭ ಫೆಬ್ರವರಿ ೨೦೨೫

ಸುಪ್ರಜಾ,

ನಿನ್ನ ಗೋಪ್ಯದ ಮನುಷ್ಯ ಯಾರು ಅಂತ ಈಗ ಗೊತ್ತಾಯಿತು. ನಿಜವಾಗಿಯೂ ಇದ್ದ. ದೊಡ್ಡ ಅಕ್ಕಿ ಕಂಪನಿ. ಸಂಕ್ರಾಂತಿಗೆ ಅಂಗಡಿ ತೆರೆದರು. ನೆಲ್ಲು ಡಾಟ್ ಕಾಮ್ ಅಂದರೆ ಅವರ ಹೊಳೆಯುವ ಚೀಲ ಬರುತ್ತದೆ, ನಿನ್ನ ತೆನೆಯ ಚಿತ್ರ ಇಲ್ಲ. ಬೆಂಗಳೂರಿನ ನಮ್ಮ ಅಂಗಡಿಯವರು ಕರೆ ಮಾಡಿ, ನಿಮ್ಮದು ನಕಲಿ ಮಾಲೇನ್ರಿ ಅಂತ ಕೇಳುತ್ತಾರೆ. ನಾವು ನಕಲಿಯವರಾದೆವು. ಹಳೆಯ ಚೀಲಗಳನ್ನೆಲ್ಲ ಮಗುಚಿ ಒಳಮೈ ಹೊರಗೆ ಮಾಡಿ ತುಂಬಿಸುತ್ತಿದ್ದೇವೆ. ಗಿರಣಿಗೆ ವಾರದಲ್ಲಿ ಅರ್ಧ ದಿನ ಕೆಲಸ.

ನನಗೆ ಸಿಟ್ಟು ಬಂದಿದೆ, ಅದಕ್ಕೇ ಹೇಳಬಾರದ್ದನ್ನು ಹೇಳುತ್ತಿದ್ದೇನೆ. ಟವೆಲ್ ಕೆಳಗೆ ನಾನು ಹಿಡಿದದ್ದು ಒಂದಲ್ಲ, ಅರ್ಧವೂ ಅಲ್ಲ. ಐದು. ಇಡೀ ಕೈ. ಅಕ್ಕಿ ಆರಿಸುವ ಹೊಸ ಯಂತ್ರಕ್ಕೆ ಅಂತ ಕೂಡಿಟ್ಟದ್ದೆಲ್ಲ ಸೇರಿಸಿದರೂ ಅದಕ್ಕಿಂತ ನನ್ನ ಕೈಲಿ ಆಗುತ್ತಿರಲಿಲ್ಲ. ಐದಕ್ಕೂ ಎಳೆದು ತರಲು ಆಗದಷ್ಟು ಎತ್ತರದಲ್ಲಿ ನೀನು ಕೂತಿದ್ದೆಯಲ್ಲ, ಎಷ್ಟು ಹಿಡಿದಿದ್ದೆ? ಎಂಟೋ, ಹತ್ತೋ? ನನ್ನ ಗಿರಣಿ ಮುಚ್ಚಿದರೆ ನಿನ್ನ ಬ್ಯಾಗಿನ ಲೆಕ್ಕ ಚುಕ್ತಾ ಆಗುತ್ತದೆಯೇ?

ರೇಣುಕಾ

*

ಬಳ್ಳಾರಿ
೨೪ ಫೆಬ್ರವರಿ ೨೦೨೫

ರೇಣುಕಾ,

ನಿನ್ನ ಕಾಗದ ಎರಡು ಸಲ ಓದಿದೆ.

ನಾನು ಹಿಡಿದದ್ದು ಮೂರು.

ಎರಡು ಸಲವೂ ಮೂರೇ. ಚೆನ್ನೈನವರ ಏಳು ಕೈಲಿಟ್ಟುಕೊಂಡೇ ಮೂರು ಹಿಡಿದೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ನಿನ್ನ ಮೇಲಿನ ಸಿಟ್ಟು ಕಟ್ಟೆಯ ಮೇಲೆ ನಿನ್ನನ್ನು ನೋಡುವ ತನಕ ಇತ್ತು, ಆಮೇಲೆ ಇರಲಿಲ್ಲ. ಆ ಹೆಸರು ನಿನ್ನ ಬಾಯಿಂದ ಬಂದದ್ದು, ನಾನು ಕಾದಿಟ್ಟವಳು ಅಷ್ಟೇ. ನಿಜ ಹೇಳಲೇ? ಸುಮ್ಮನೆ ಕೊಟ್ಟುಬಿಡೋಣ ಅನ್ನಿಸಿತ್ತು. ಪುಕ್ಕಟೆ ಕೊಟ್ಟರೆ ಇದರಲ್ಲಿ ಏನೋ ಮಸಲತ್ತಿದೆ ಅಂತ ನೀನು ತಿಳಿಯುತ್ತಿ, ಅದಕ್ಕೇ ಮೂರು ಅಂದೆ.

ನೀನು ಐದು ಹಿಡಿದೆ, ನಾನು ಮೂರು ಹಿಡಿದೆ. ಎರಡೂ ಕೈ ಹಿಡಿದವರು ಒಬ್ಬರೇ. ಅವರನ್ನು ಕೇಳು.

ಸುಪ್ರಜಾ

*

ಸಿರುಗುಪ್ಪ
೩ ಮಾರ್ಚ್ ೨೦೨೫

ಸುಪ್ರಜಾ,

ನಿನ್ನ ಕಾಗದ ಬಂದ ದಿನವೇ ಕುರುಗೋಡಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದು ಅನುಮಾನ ಬೆಳೆಸಿಕೊಂಡು ಹೋದೆ. ಚೆನ್ನೈನವರು ಅಪ್ಪನಿಗೂ ಏನಾದರೂ ಮುಟ್ಟಿಸಿರಬಹುದೇ ಅಂತ. ಹೆತ್ತ ಅಪ್ಪನ ಮೇಲೆ. ನನ್ನ ತಲೆ ಎಲ್ಲಿಗೆ ಬಂದು ನಿಂತಿದೆ ನೋಡು.

ಅಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನಿನ್ನ ಕಾಗದ ಓದಿ ಹೇಳಿದೆ. ಟವೆಲ್ ಕೆಳಗಿನದನ್ನು ಬಾಯಿಗೆ ತಂದಿರಲ್ಲ ಅಂತ ಮೊದಲು ನಮ್ಮಿಬ್ಬರಿಗೂ ಬೈದರು. ನಾನು ಬಿಡಲಿಲ್ಲ, ಎದುರಿಗೆ ಕೂತೆ. ಕೊನೆಗೆ ಹೇಳಿದರು.

ಅವರ ಕಾಲದಲ್ಲಿ ಹಾಗೆ ಯಾವತ್ತೂ ಆಗಿರಲಿಲ್ಲವಂತೆ. ಮಾರುವವರ ಬೆರಳು ಮೇಲಿರುತ್ತದೆ, ಕೊಳ್ಳುವವರದು ಕೆಳಗೆ. ಅವತ್ತು ತಿರುಗುಮುರುಗಾಗಿತ್ತು. ಏಳು ಕೊಡುತ್ತಾರೆ ಅಂತ ಕಾಗದ ಓದಿದವಳು ಮೂರು ಹಿಡಿದದ್ದು ಕಂಡು, ಕೈ ತಪ್ಪಿರಬೇಕು ಅಂತ ಮತ್ತೊಮ್ಮೆ ಹಿಡಿಸಿದರಂತೆ. ನೀನು ಮತ್ತೆ ಮೂರೇ ಹಿಡಿದೆ.

“ಹೊರಗ ಏಳು ಸಿಗೂ ಮಾಲನ್ನ ಮೂರಕ್ಕ ಕೊಡ್ತಾರಂದ್ರ ಅದರಾಗ ಐಬು ಐತಿ ಅಂತ ಅರ್ಥವ್ವಾ. ಮೈ ನುಣ್ಣಗಿರತೈತಿ, ಮನಿಗೆ ತಂದ ಮ್ಯಾಲೆ ಎತ್ತು ಮಕ್ಕೊಂಡುಬಿಡತೈತಿ. ನಿಮ್ಮ ಆ ಹೆಸರಿಗೆ ಹಲ್ಲಿಲ್ಲ, ಕಾಲಿಲ್ಲ, ನಾ ಏನಂತ ನೋಡ್ಲಿ? ಕೋರ್ಟಿನಾಗ ಇರಬಕು, ಇಲ್ಲಾ ಕದ್ದದ್ದಿರಬಕು ಅನಿಸ್ತು. ನೀ ನೋಡಿದ್ರ ಇಡೀ ಕೈ ಹಿಡದಿ. ಮಗಳು ಮುಳುಗ್ತಾಳ ಅಂತ ಟವೆಲ್ ಎಳಕೊಂಡೆ” ಅಂದರು.

ನಾನು ಕೂಗಾಡಿದೆ. ಆಕೆ ನಿನ್ನ ಕೈಯಿಂದ ಬೆಣ್ಣೆ ತಿಂದವಳು, ಆಕೆಯ ಮೇಲೆ ಅನುಮಾನ ಪಡಲು ನಿನಗೆ ಮನಸ್ಸಾದರೂ ಹೇಗೆ ಬಂತು ಅಂದೆ. ಇಡೀ ಓಣಿಗೆ ಕೇಳುವ ಹಾಗೆ ಅಂದೆ. ಅಪ್ಪ ಹಗ್ಗ ಕೆಳಗಿಟ್ಟರು. ಆ ಹುಡುಗಿಗೆ ನನ್ನ ಮುಖ ಹೇಗೆ ತೋರಿಸಲಿ ಅಂದರು, ಅತ್ತರು. ಆಮೇಲೆ ತಲೆ ಎತ್ತದೆ ನನ್ನನ್ನು ಒಂದು ಮಾತು ಕೇಳಿದರು.

“ನಾ ಎಳಕೊಂಡೆ, ತಪ್ಪಾತು. ಆದರ ಆಕಿ ಮೂರು ಹಿಡದಾಳಂತ ಅವತ್ತ ನಿನಗ ಹೇಳಿದ್ರ, ನೀ ತಗೊಂತಿದ್ದೇನು?”

ಸೆರಗು ಸರಿಮಾಡಿಕೊಂಡು ಬಸ್ ನಿಲ್ದಾಣಕ್ಕೆ ಬಂದೆ. ಉತ್ತರ ನಿನಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಇದನ್ನು ಕೇಳುವ ಹಕ್ಕಿರುವವಳು ನೀನೊಬ್ಬಳೇ.

ತಗೊಳ್ಳುತ್ತಿರಲಿಲ್ಲ, ಸುಪ್ರಜಾ. ನಾಲ್ಕು ದಿನ ಟೈಮ್ ಕೊಡು ಅಂತ ನಿನಗೆ ನಗುತ್ತಾ ಹೇಳಿ, ವಕೀಲರ ಹತ್ತಿರ ಓಡುತ್ತಿದ್ದೆ.

ನಿನ್ನ,
ರೇಣುಕಾ